ಪ್ರಶ್ನೋತ್ತರ: ತಮ್ಮನ ಜೊತೆ ನೀವೂ ಕುರ್ಚಿ ಏರಿ

ಪ್ರಶ್ನೆ: ತಮ್ಮನಿಗೆ 23 ವರ್ಷ. ಬೈಕ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳಲ್ಲಿ ಸ್ವಾಧೀನವಿಲ್ಲ, ಕೈಗಳಲ್ಲಿ ಒಳ್ಳೆಯ ಬಲವಿದೆ. ಮೊಬೈಲಿನಲ್ಲಿ ವೀಲ್‌ಚೇರ್ ರಗ್ಬಿ ಲೀಗ್ ನೋಡಿ, ಅದರಲ್ಲೇ ಮುಂದುವರಿಯುತ್ತೇನೆ ಅನ್ನುತ್ತಾನೆ. ಮನೆಯ ಗಾಲಿಕುರ್ಚಿ ಸಾಕೇ? ಎಲ್ಲಿಂದ ಶುರು ಮಾಡಬೇಕು?
– ಓದುಗರು, ಚಿಂಚವಡ, ಪುಣೆ

ಉತ್ತರ: ಪ್ಯಾರಾಲಿಂಪಿಕ್ಸ್‌ನಲ್ಲಿರುವ ವೀಲ್‌ಚೇರ್ ರಗ್ಬಿ ಬೇರೆ ಆಟ. ಅದು ಕೈಗಳಲ್ಲೂ ಬಲ ಕುಂದಿದವರಿಗಾಗಿ ಇರುವುದು, ನಿಮ್ಮ ತಮ್ಮನಿಗೆ ಅಲ್ಲಿ ಜಾಗವಿಲ್ಲ. ಅವನು ನೋಡಿದ ವೀಲ್‌ಚೇರ್ ರಗ್ಬಿ ಲೀಗ್ (ಇಲ್ಲಿ ಲೀಗ್ ಅಂದರೆ ಪಂದ್ಯಾವಳಿಯಲ್ಲ, ರಗ್ಬಿಯ ಒಂದು ಬಗೆ) 2004ರಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿತು. ತಂಡಕ್ಕೆ 5 ಜನ, ಗಂಡಸರು ಹೆಂಗಸರು ಒಟ್ಟಿಗೆ. ಅಂಗವೈಕಲ್ಯವಿಲ್ಲದವರೂ ಇಬ್ಬರವರೆಗೆ ಅಂಕಣದಲ್ಲಿರಬಹುದು, ಅಂದರೆ ನೀವೂ ಆಡಬಹುದು! ಚೆಂಡು ಹಿಡಿದವನ ಭುಜದ ವೆಲ್ಕ್ರೊ ಪಟ್ಟಿ ಕಿತ್ತರೆ ಟ್ಯಾಕಲ್, ಅಂದರೆ ಅವನನ್ನು ತಡೆದಂತೆ.

ಹೊಟ್ಟೆಪಾಡಿಗೆ ಇದನ್ನು ನಂಬಬೇಡಿ. 2022ರ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡ್ 28–24ರಿಂದ ಫ್ರಾನ್ಸನ್ನು ಸೋಲಿಸಿದ್ದು ನಿಜ, ಆದರೆ ಅಲ್ಲಿನ ಆಟಗಾರರಲ್ಲೂ ಹೆಚ್ಚಿನವರಿಗೆ ಬೇರೆ ಕೆಲಸವಿದೆ. ಓದು ಬಿಡಿಸದೆ, ಮೊದಲು ವೀಲ್‌ಚೇರ್ ಬಾಸ್ಕೆಟ್‌ಬಾಲ್‌ಗೆ ಹಾಕಿ. ಕುರ್ಚಿ ತಳ್ಳುವುದು, ತಿರುಗಿಸುವುದು ಅಲ್ಲೇ ಕೈಗೆ ಹತ್ತುತ್ತದೆ. ಕುರ್ಚಿಯೂ ಹೆಚ್ಚುಕಡಿಮೆ ಅದೇ.

ಮನೆಯ ಮಡಚುವ ಕುರ್ಚಿ ಖಂಡಿತ ಬೇಡ. ಡಿಕ್ಕಿಯಾದರೆ ಕೀಲು ಸಡಿಲಾಗುತ್ತದೆ, ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಆಟದ ಕುರ್ಚಿಯ ದೊಡ್ಡ ಗಾಲಿಗಳು 15ರಿಂದ 20 ಡಿಗ್ರಿ ಓರೆಯಾಗಿರುತ್ತವೆ, ಹಿಂದೆ ಮಗುಚದಂತೆ ಪುಟ್ಟ ಗಾಲಿ, ಪಾದದ ಮುಂದೆ ಲೋಹದ ಅಡ್ಡಪಟ್ಟಿ ಇರುತ್ತದೆ. ಆರ್ಡರ್ ಕೊಡುವ ಮುನ್ನ ಕೂತ ಭಂಗಿಯಲ್ಲೇ ಸೊಂಟದ ಅಗಲ ಅಳೆಯಿರಿ. ಸೀಟು ಅಷ್ಟೇ ಅಗಲ ಇರಬೇಕು. ‘ಆರಾಮಾಗಿರಲಿ’ ಅಂತ ಎರಡು ಬೆರಳು ಜಾಗ ಬಿಟ್ಟರೆ ಕುರ್ಚಿ ತಿರುಗಿದ ಮೇಲೆ ಮೈ ತಿರುಗುತ್ತದೆ, ಅಷ್ಟರಲ್ಲಿ ಪಟ್ಟಿ ಎದುರಾಳಿಯ ಕೈಲಿ.

ಸೊಂಟ, ತೊಡೆ, ಪಾದ ಮೂರಕ್ಕೂ ಬೆಲ್ಟ್ ಕಟ್ಟಿ. ಸ್ವಾಧೀನವಿಲ್ಲದ ಕಾಲಿನ ಮೂಳೆ ಟೊಳ್ಳಾಗಿರುತ್ತದೆ. ಪಾದ ಜಾರಿ ಮೂಳೆ ಮುರಿದರೂ ನೋವು ಗೊತ್ತಾಗದೆ, ಬಾವು ಕಂಡ ಮೇಲೇ ತಿಳಿಯಬಹುದು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಕೇಳದೆ ಅಂಕಣಕ್ಕೆ ಇಳಿಯಬೇಡಿ. ಆಟ ಮುಗಿದ ಕೂಡಲೇ ಕನ್ನಡಿ ಹಿಡಿದು ಪಿರ್ರೆಯ ಚರ್ಮ ನೋಡಿ. ಕೆಂಪು ಅರ್ಧ ಗಂಟೆಯಲ್ಲಿ ಮಾಯದಿದ್ದರೆ ಅದು ಹುಣ್ಣಿನ ಮೊದಲ ಮೆಟ್ಟಿಲು. ಅದು ಹೋಗುವವರೆಗೆ ಆ ಜಾಗದ ಮೇಲೆ ಭಾರ ಬೀಳಬಾರದು. ಪೆಟ್ಟಾದ ಜಾಗದ ಕೆಳಗೆ ಬೆವರು ಕಡಿಮೆ, ಆದ್ದರಿಂದ ಪುಣೆಯ ಮೇ ಬಿಸಿಲಿಗೆ ಒದ್ದೆ ಟವೆಲ್ ಜೊತೆಗಿರಲಿ.

ಅಭ್ಯಾಸದಲ್ಲಿ ಕಷ್ಟವಾದದ್ದು ಹಿಂದಕ್ಕೆ ಪಾಸ್ ಕೊಡುವುದು. ಕುರ್ಚಿ ಮುಂದೆ ಓಡುತ್ತಿರುವಾಗಲೇ ಎರಡೂ ಕೈ ಗಾಲಿ ಬಿಡಬೇಕು. ಎರಡು ಸಲ ತಳ್ಳಿ, ಮಡಿಲಿನ ಚೆಂಡೆತ್ತಿ ಎಡಕ್ಕೆ ಹಿಂದೆ ಎಸೆಯಲಿ, ಮತ್ತೆ ಎರಡು ತಳ್ಳಿ ಬಲಕ್ಕೆ. ಸೊಸೈಟಿ ಅಂಗಳದ ಪೇವರ್ ಬ್ಲಾಕ್ ಸಂದಿಯಲ್ಲಿ ಮುಂದಿನ ಪುಟ್ಟ ಗಾಲಿ ಸಿಕ್ಕಿಬೀಳುತ್ತದೆ. ಭಾನುವಾರ ಬೆಳಿಗ್ಗೆ ಯಾವುದಾದರೂ ಶಾಲೆಯ ಬಾಸ್ಕೆಟ್‌ಬಾಲ್ ಅಂಕಣ ಕೇಳಿಕೊಳ್ಳಿ. ವೆಲ್ಕ್ರೊದಲ್ಲಿ ಕೂದಲು, ನೂಲು ತುಂಬಿದರೆ ಪಟ್ಟಿ ಮುಟ್ಟಿದರೆ ಉದುರುತ್ತದೆ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆಯಿರಿ.