ಮೊದಲು ಸನದು, ಆಮೇಲೆ ವಿಮಾನ

ಆಳಂದ ತಾಲೂಕಿನ ಮಾಸ್ತರರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಮಗಳು ಕಲಬುರಗಿಯಲ್ಲಿ ಐದು ವರ್ಷದ ಕಾನೂನು ಪದವಿ ಮುಗಿಸಿದ್ದಾಳೆ. ಲಂಡನ್ನಿನಲ್ಲಿ ಒಂದು ವರ್ಷ ಕಾನೂನಿನ ಸ್ನಾತಕೋತ್ತರ ಪದವಿಯಾದ ಎಲ್‌ಎಲ್‌ಎಂ ಮಾಡಿದರೆ ಅಲ್ಲೇ ವಕೀಲಳಾಗಬಹುದು ಎಂದು ಏಜೆಂಟರೊಬ್ಬರು ಹೇಳಿದ್ದಾರಂತೆ. ಅದಕ್ಕೆ ತೊಗರಿ ಹೊಲ ಮಾರಬೇಕೆ ಎಂಬುದು ಪ್ರಶ್ನೆ. ಬಾಬಾಸಾಹೇಬರೂ ಹೊರಗೆ ಹೋಗಿಯೇ ಓದಿದರಲ್ಲ ಎಂದೂ ಕೇಳಿದ್ದಾರೆ.

ಮಾಸ್ತರೇ, ಹೊಲ ಮಾರಬೇಡಿ. ಯಾಕೆ ಅನ್ನೋದನ್ನ ನಿಧಾನಕ್ಕೆ ಹೇಳುತ್ತೇನೆ.

ಹೊರಗೆ ಓದುವುದರಲ್ಲಿ ಲಾಭವೇ ಇಲ್ಲ ಅಂತಲ್ಲ. ದೊಡ್ಡ ಗ್ರಂಥಾಲಯ, ಹತ್ತು ದೇಶದ ಸಹಪಾಠಿಗಳು, ಅಂತರರಾಷ್ಟ್ರೀಯ ಮಧ್ಯಸ್ಥಿಕೆಯಂಥ ವಿಷಯ ನಮ್ಮಲ್ಲಿ ಸಿಗೋದು ಕಷ್ಟ. ಒಪ್ಪಿದೆ.

ಆದರೆ ನಿಮ್ಮ ಏಜೆಂಟರು ಅರ್ಧ ಮಾತು ಹೇಳಿದ್ದಾರೆ. ಅಲ್ಲಿ ಎಲ್‌ಎಲ್‌ಎಂ ಮುಗಿದರೆ ಕೈಗೆ ಬರುವುದು ಪದವಿ, ವಕೀಲಿ ಅಲ್ಲ. ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಗಲು 2021ರಿಂದ ಎಸ್‌ಕ್ಯುಇ ಎಂಬ ಪರೀಕ್ಷೆ ಇದೆ. ಎರಡು ಹಂತ, ಫೀಸೇ ಸುಮಾರು 5,000 ಪೌಂಡ್. ಜೊತೆಗೆ ಎರಡು ವರ್ಷದ ಕೆಲಸದ ಅನುಭವ ತೋರಿಸಬೇಕು. ತಮಾಷೆ ಏನೆಂದರೆ, ತಮ್ಮ ದೇಶದಲ್ಲಿ ಆಗಲೇ ವಕೀಲರಾದವರಿಗೆ ಆ ಎರಡು ವರ್ಷ ಬೇಕಿಲ್ಲ. ಈ ಪರೀಕ್ಷೆಗೆ ಎಲ್‌ಎಲ್‌ಎಂ ಸಹ ಬೇಕಿಲ್ಲ! ಕ್ಯಾಲಿಫೋರ್ನಿಯಾದಲ್ಲೂ ಹಾಗೇ. ಇಲ್ಲಿನ ಸನದು, ಅಂದರೆ ವಕೀಲಿ ಪರವಾನಗಿ, ಇದ್ದರೆ ಅಲ್ಲಿ ಮತ್ತೆ ಕಾನೂನು ಓದದೆ ಬಾರ್ ಪರೀಕ್ಷೆಗೆ ಕೂರಬಹುದು. ಬ್ರಿಟನ್ ಸರ್ಕಾರದ ಚೀವ್‌ನಿಂಗ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಎರಡು ವರ್ಷ ದುಡಿದ ಅನುಭವ ಕೇಳುತ್ತಾರೆ. ಎಲ್ಲ ಬಾಗಿಲಿಗೂ ಕೀಲಿ ಕಲಬುರಗಿಯಲ್ಲೇ ಇದೆ, ನಾವು ಅದನ್ನು ಬಿಟ್ಟು ವಿಮಾನದ ಟಿಕೆಟ್ ಹುಡುಕುತ್ತೇವೆ.

ಅಮೆರಿಕದ ಕಥೆ ಇನ್ನೂ ಬಿಗಿ. ಎಲ್‌ಎಲ್‌ಎಂ ಆದಮೇಲೆ ಕೆಲಸ ಮಾಡಲು ಒಂದು ವರ್ಷ ಅನುಮತಿ. ಎಂಜಿನಿಯರಿಂಗ್ ಮಕ್ಕಳಿಗೆ ಸಿಗುವ ಎರಡು ವರ್ಷದ ವಿಸ್ತರಣೆ ಇವರಿಗಿಲ್ಲ. ಬಸವಕಲ್ಯಾಣ ಕಡೆಯ ಹುಡುಗನೊಬ್ಬ ನನಗೆ ಗೊತ್ತು. ಸಾಲ ಮಾಡಿ ಹೋದ, ಓದಿದ, ವಾಪಸ್ ಬಂದ. ಈಗ ಬೆಂಗಳೂರಿನ ಕಂಪನಿಯೊಂದರಲ್ಲಿ ಬೇರೆಯವರು ಬರೆದ ಕರಾರುಪತ್ರ ತಿದ್ದುತ್ತಾನೆ. ಸಂಬಳದಲ್ಲಿ ಜಾಸ್ತಿ ಪಾಲು ಕಂತಿಗೆ ಹೋಗುತ್ತದೆ. ಜಾಣ ಹುಡುಗ, ಆದರೆ ಕೋರ್ಟಿನ ಮೆಟ್ಟಿಲು ಹತ್ತಿಲ್ಲ.

ಮಗಳಿಗೆ ಜಡ್ಜ್ ಆಗುವ ಆಸೆಯೂ ಇದೆ ಎಂದಿದ್ದೀರಿ. ಹಾಗಿದ್ದರೆ ಇನ್ನೂ ಎಚ್ಚರ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹಳೆಯ ನಿಯಮವನ್ನು ಮತ್ತೆ ತಂದಿದೆ. ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷದ ವಕೀಲಿ ಬೇಕು. ಲಂಡನ್ನಿನ ಕ್ಲಾಸಿನಲ್ಲಿ ಕಳೆಯುವ ವರ್ಷ ಆ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಬಾಬಾಸಾಹೇಬರು. ಅವರನ್ನು ಏಜೆಂಟರ ಪರ ಸಾಕ್ಷಿಗೆ ಕರೆಯಬೇಡಿ, ಮಾಸ್ತರೇ. 1913ರಲ್ಲಿ ಅವರು ಅಮೆರಿಕಕ್ಕೆ ಹೋದದ್ದು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ. ಆಮೇಲೆ ಲಂಡನ್ನಿನ ವಕೀಲರ ಸಂಸ್ಥೆ ಗ್ರೇಸ್ ಇನ್‌ನಲ್ಲಿ ಬ್ಯಾರಿಸ್ಟರ್ ಆದರು, ಮುಂಬೈಗೆ ಮರಳಿ ವಕೀಲಿ ಶುರು ಮಾಡಿದರು. ಆಗ ಲಂಡನ್ನಿನ ಬ್ಯಾರಿಸ್ಟರ್ ಪದವಿಗೆ ಇಲ್ಲಿ ನೇರ ಬೆಲೆ ಇತ್ತು. 1961ರ ವಕೀಲರ ಕಾಯ್ದೆ ಬಂತು, ಆ ಅನುಕೂಲ 1976ರ ಡಿಸೆಂಬರ್ 31ರ ಒಳಗೆ ಬ್ಯಾರಿಸ್ಟರ್ ಆದವರಿಗೆ ಮಾತ್ರ ಉಳಿಯಿತು. ಈಗ ಮೊದಲ ಪದವಿಯನ್ನೇ ಹೊರಗೆ ಓದಿ ಬಂದವರು ಬಾರ್ ಕೌನ್ಸಿಲ್ ಆಫ್ ಇಂಡಿಯಾದ ಪರೀಕ್ಷೆ ಬರೆಯಬೇಕು. ಬಾಬಾಸಾಹೇಬರಂತೆ ವಿದ್ಯಾರ್ಥಿವೇತನದಲ್ಲಿ ಹೋಗುವ ದಾರಿ ಇವತ್ತೂ ಇದೆ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ರಾಜ್ಯದ ಪ್ರಬುದ್ಧ ಯೋಜನೆ ಇದೆ, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ನಮ್ಮ ಕಡೆ ಎಷ್ಟು ಕಾಲೇಜಿನಲ್ಲಿ ಇದರ ನೋಟಿಸ್ ಗೋಡೆಗೆ ಹಚ್ಚಿದ್ದಾರೆ, ಒಮ್ಮೆ ನೋಡಿ ಬನ್ನಿ.

ಇಲ್ಲಿ ಕಲಿಯಲು ಏನಿದೆ ಅಂತ ಕೇಳುತ್ತಾರೆ. ನಮ್ಮ ಜಮೀನಿನ ಮೂಲ ಕಾಗದ ಎಷ್ಟೋ ಕಡೆ ನಿಜಾಮರ ಕಾಲದ್ದು, ಉರ್ದುವಿನಲ್ಲಿದೆ. ಇಸವಿ ಫಸಲಿಯಲ್ಲಿ, ಅಂದರೆ ಆಗಿನ ಕಂದಾಯ ವರ್ಷದ ಲೆಕ್ಕದಲ್ಲಿ ಇರುತ್ತದೆ. ಜಾಗೀರು ರದ್ದಾದದ್ದು 1358 ಫಸಲಿಯ ನಿಯಮದಲ್ಲಿ. 590 ಕೂಡಿಸಿದರೆ ನಮ್ಮ ಇಸವಿ ಹತ್ತಿರ ಬರುತ್ತದೆ. ಆಮೇಲೆ 1950ರ ಹೈದರಾಬಾದ್ ಗೇಣಿ ಕಾಯ್ದೆ, 1955ರ ಇನಾಂ ರದ್ದತಿ ಕಾಯ್ದೆ. ಈ ಕಾಗದ ಓದಿ ವಾದ ಕಟ್ಟಬಲ್ಲ ಹಿರಿಯ ವಕೀಲರೊಬ್ಬರು ಕಲಬುರಗಿಯಲ್ಲಿದ್ದಾರೆ. ಅವರ ಪಕ್ಕ ಕೂತು ಕಲಿಯುವ ಹುಡುಗರಿಲ್ಲ. ಇದನ್ನು ಕಲಿಸುವ ಎಲ್‌ಎಲ್‌ಎಂ ಲಂಡನ್ನಿನಲ್ಲಿ ಎಲ್ಲಿ ಸಿಗುತ್ತದೆ, ಹೇಳಿ.

ಹೋರಾಡಿ ತಂದ ಹೈಕೋರ್ಟ್ ಪೀಠ ನಮ್ಮದು. 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಆದರೂ ದೊಡ್ಡ ಕೇಸು ಬಂದರೆ ಬೆಂಗಳೂರಿನ ವಕೀಲರನ್ನು ಕರೆಸುವ ಚಟ ಹೋಗಿಲ್ಲ.

ಆದರೂ ತಪ್ಪೆಲ್ಲ ಮಕ್ಕಳ ಮೇಲೆ ಹಾಕೋದು ಸರಿಯಲ್ಲ. ಐದು ವರ್ಷ ಓದಿ ಬಂದ ಹುಡುಗಿಗೆ ಹಿರಿಯರ ಆಫೀಸಿನಲ್ಲಿ ಏನು ಸಿಗುತ್ತದೆ? ಫೈಲು ಹೊರುವ ಕೆಲಸ, ಮುಂದಿನ ತಾರೀಖು ಬರೆದುಕೊಳ್ಳುವ ಕೆಲಸ, ತಿಂಗಳ ಕೊನೆಗೆ ಬಸ್ ಖರ್ಚು. ಕಿರಿಯರಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಹಳ್ಳಿ ಕಡೆ 15,000 ರೂಪಾಯಿ ಕೊಡಿ ಎಂದು ಬಾರ್ ಕೌನ್ಸಿಲ್ 2024ರಲ್ಲಿ ಸಲಹೆ ಕೊಟ್ಟಿತು. ಬರೀ ಸಲಹೆ, ಕಡ್ಡಾಯವಿಲ್ಲ. ಅಷ್ಟು ಸಿಕ್ಕಿತು ಎಂದ ಕಿರಿಯರನ್ನು ನಾನು ಇಲ್ಲಿ ಇನ್ನೂ ನೋಡಿಲ್ಲ. ಬಡವರ ಪರ ಗಂಟಲು ಹರಿಯುವಂತೆ ವಾದಿಸುವವರು ತಮ್ಮ ಟೇಬಲ್ಲಿನ ಆಚೆ ನಿಂತ ಹುಡುಗಿಗೆ ಊಟದ ದುಡ್ಡು ಕೊಡೋದಿಲ್ಲ. ಮಕ್ಕಳು ಏಜೆಂಟರ ಮಾತು ಕೇಳದೆ ಇನ್ನೇನು ಮಾಡ್ತಾರೆ?

ಆದ್ದರಿಂದ, ಮಾಸ್ತರೇ, ಲಂಡನ್ನಿಗೆಂದು ತೆಗೆದಿಟ್ಟ ದುಡ್ಡಿನಲ್ಲಿ ಒಂದು ಸಣ್ಣ ಪಾಲು ಸಾಕು. ಎರಡು ಮೂರು ವರ್ಷ ಕಲಬುರಗಿಯಲ್ಲಿ ಅವಳ ರೂಮು, ಊಟ, ಪುಸ್ತಕ ನೋಡಿಕೊಳ್ಳಿ. ಸನದು ಆಗಲಿ, ಬಾರ್ ಕೌನ್ಸಿಲ್ ನಡೆಸುವ ಎಐಬಿಇ ಪರೀಕ್ಷೆ ಬರೆಯಲಿ, ಕೋರ್ಟಿನಲ್ಲಿ ನಿಂತು ಮಾತಾಡಲಿ. ಆಗಲೂ ಹೊರಗೆ ಹೋಗಬೇಕು ಅನ್ನಿಸಿದರೆ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲಿ, ನಾನೇ ಓದಿ ತಿದ್ದಿ ಕೊಡುತ್ತೇನೆ. ಅಂದಹಾಗೆ ಮುಂದಿನ ಪತ್ರ ಅವಳೇ ಬರೆಯಲಿ. ನಿಮ್ಮ ನಾಲ್ಕು ಪುಟದಲ್ಲಿ ಏಜೆಂಟರ ಮಾತು ಎರಡು ಪುಟ ಇದೆ, ಅವಳದ್ದು ಒಂದು ಸಾಲು.

ಏಜೆಂಟರಿಗೆ ಮುಂಗಡ ಕೊಟ್ಟಾಗಿದೆ ಎಂದು ಕೊನೆಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. ಈ ವಾರವೇ ಹೋಗಿ ವಾಪಸ್ ಕೇಳಿ, ಮಗಳನ್ನೂ ಕರೆದುಕೊಂಡು ಹೋಗಿ. ಲೀಗಲ್ ನೋಟಿಸ್ ಕೊಡಬೇಕಾಗಿ ಬಂದರೆ ಕರಡು ಅವಳೇ ಬರೆಯುತ್ತಾಳೆ. ರಸೀದಿ ಇಟ್ಟಿದ್ದೀರಿ, ಅಲ್ವಾ?