ಮೊದಲು ಆ ನೋಟ್‌ಬುಕ್ ತೆರೆದು ನೋಡಿ

ಪ್ರಶ್ನೆ: ಪುಣೆಯ ಭೋಸರಿಯಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. 6 ಮಶಿನ್, 22 ಜನ ಕೆಲಸಗಾರರು. ಚಾಕಣದ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುತ್ತೇವೆ, ಜಾಸ್ತಿ ಜಾಬ್ ವರ್ಕೇ, ಅಂದರೆ ಅವರು ಕಳಿಸಿದ ಮಾಲಿಗೆ ಕೆಲಸ ಮಾಡಿ ವಾಪಸು ಕೊಡುವುದು. ಬಿಲ್ಲು, ಲೆಕ್ಕ ಟ್ಯಾಲಿಯಲ್ಲಿದೆ. ಉಳಿದದ್ದೆಲ್ಲ ನಮ್ಮ ಸೂಪರ್‌ವೈಸರ್ ನೋಟ್‌ಬುಕ್‌ನಲ್ಲಿ. ಇಂಜಿನಿಯರಿಂಗ್ ಮುಗಿಸಿ ಬಂದ ಮಗ, ಎಲ್ಲ ಡಿಜಿಟಲ್ ಮಾಡೋಣ, ಇಆರ್‌ಪಿ (ಮಾಲು, ಕೆಲಸ, ಲೆಕ್ಕ ಎಲ್ಲ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್) ಹಾಕಿಸೋಣ ಅನ್ನುತ್ತಾನೆ. ಒಬ್ಬರು 7 ಲಕ್ಷ ಹೇಳಿದ್ದಾರೆ. ಹಾಕಿಸಬೇಕಾ, ಇಲ್ಲಾ ಸುಮ್ನೆ ದುಡ್ಡು ದಂಡವಾ?
— ನಿಪ್ಪಾಣಿ ಕಡೆಯ ಓದುಗರು, ಪುಣೆ

ಉತ್ತರ: ಈಗಲೇ ಹಾಕಿಸಬೇಡಿ. ಹಾಗಂತ ಮಗನ ಮಾತನ್ನು ತಳ್ಳಿಹಾಕಲೂ ಬೇಡಿ. ಅವನು ಹೋಗಬೇಕೆಂದಿರುವ ದಾರಿ ಸರಿಯಾಗಿಯೇ ಇದೆ, ಹೊರಡುವ ಜಾಗ ಮಾತ್ರ ಬೇರೆ.

ಆ ಸೂಪರ್‌ವೈಸರ್ ನೋಟ್‌ಬುಕ್ ಇದೆಯಲ್ಲ, ಇವತ್ತಿನ ಮಟ್ಟಿಗೆ ನಿಮ್ಮ ಇಆರ್‌ಪಿ ಅದೇ. ಯಾವ ಮಾಲು ಎಂದು ಬಂತು, ಯಾವ ಮಶಿನ್‌ಗೆ ಹತ್ತಿತು, ಎಷ್ಟು ರಿಜೆಕ್ಟ್ ಆಯಿತು, ಯಾವ ಚಲನ್ (ಮಾಲಿನ ಜೊತೆ ಹೋಗುವ ಚೀಟಿ) ಮೇಲೆ ಗೇಟು ದಾಟಿತು, ಎಲ್ಲ ಅದರಲ್ಲಿದೆ. ಮಗನನ್ನು 15 ದಿನ ಅವರ ಪಕ್ಕದಲ್ಲಿ ಕೂರಿಸಿ. ಬರೆದದ್ದನ್ನು ನೋಡಲಿ. ಬರೆಯದೆ ತಲೆಯಲ್ಲೇ ಇಟ್ಟುಕೊಂಡದ್ದೇನು ಅಂತಲೂ ಕೇಳಲಿ. ಅಲ್ಲೇ ಜಾಸ್ತಿ ಇರುತ್ತದೆ.

ನಾನು ಹಿಂದೆ ಒಂದು ಕಾರ್ಖಾನೆಯ ಸ್ಟೋರ್‌ನಲ್ಲಿ ಕೆಲಸ ಮಾಡುತ್ತಿದ್ದೆ. ದೊಡ್ಡ ಸಾಫ್ಟ್‌ವೇರ್ ಬಂತು. ಎರಡು ದಿನ ತರಬೇತಿ ಕೊಟ್ಟರು, ಹೊರಟುಹೋದರು. ಕಬ್ಬಿಣದ ಬಾರ್ ಕತ್ತರಿಸಿದ ಮೇಲೆ ಉಳಿಯುವ ತುಂಡನ್ನು ಎಲ್ಲಿ ತೋರಿಸಬೇಕು ಅಂತ ಅದರಲ್ಲಿ ಜಾಗವೇ ಇರಲಿಲ್ಲ, ನಮ್ಮಲ್ಲೋ ಎಷ್ಟೋ ಸಣ್ಣ ಆರ್ಡರ್ ಮುಗಿಯುತ್ತಿದ್ದದ್ದೇ ಆ ತುಂಡುಗಳಿಂದ. ಮೂರು ತಿಂಗಳಾಗುವಷ್ಟರಲ್ಲಿ ಕಂಪ್ಯೂಟರ್ ಹೇಳುವ ಸ್ಟಾಕ್ ಒಂದು, ರ‍್ಯಾಕ್‌ನಲ್ಲಿರುವುದು ಇನ್ನೊಂದು. ಎಲ್ಲರೂ ಮತ್ತೆ ನೋಟ್‌ಬುಕ್ ತೆಗೆದರು. ಒಂದೇ ವಿಷಯವನ್ನು ಎರಡೆರಡು ಕಡೆ ಬರೆಯುವ ಕೆಲಸ ಬಿತ್ತು. ಸಾಫ್ಟ್‌ವೇರ್ ಕೆಟ್ಟದಿರಲಿಲ್ಲ. ಕೊಳ್ಳುವ ಮೊದಲು ಸ್ಟೋರ್‌ನವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ನನಗೆ ಇವತ್ತಿಗೂ ಬೇಸರ ಆಗುವುದು ಅದಕ್ಕೇ.

ನಿಮ್ಮಲ್ಲಿ ಮೊದಲು ಹಿಡಿಯಬೇಕಾದದ್ದು ಮಾಲಿನ ಒಳ-ಹೊರಗಿನ ಲೆಕ್ಕ. ಜಾಬ್ ವರ್ಕ್‌ಗೆ ಬಂದ ಕಚ್ಚಾ ಮಾಲು ಜಿಎಸ್‌ಟಿ ನಿಯಮದಂತೆ 1 ವರ್ಷದೊಳಗೆ ವಾಪಸು ಹೋಗಬೇಕು, ಇಲ್ಲದಿದ್ದರೆ ಕಳಿಸಿದ ಕಂಪನಿ ಅದರ ಮೇಲೆ ತೆರಿಗೆ ಕಟ್ಟುವ ಪರಿಸ್ಥಿತಿ ಬರುತ್ತದೆ, ಆಮೇಲೆ ಅವರು ಹಿಡಿದುಕೊಳ್ಳುವುದು ನಿಮ್ಮನ್ನೇ. ಇನ್ನೊಂದು ಕಾರಣವೂ ಇದೆ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ) ಇರುವ ಸಣ್ಣ ಘಟಕಕ್ಕೆ, ಕರಾರು ಏನೇ ಇರಲಿ, 45 ದಿನದೊಳಗೆ ಹಣ ಕೊಡಬೇಕು ಅಂತ ಸಣ್ಣ ಉದ್ಯಮಗಳ 2006ರ ಕಾಯ್ದೆಯೇ ಹೇಳುತ್ತದೆ. ಲಿಖಿತ ಕರಾರೇ ಇಲ್ಲದಿದ್ದರೆ 15 ದಿನ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆ ಕಾಯ್ದೆಯೂ ಇದಕ್ಕೆ ಜೋಡಿಯಾಗಿದೆ, ತಡ ಮಾಡಿದ ಕಂಪನಿಗೆ ಹಣ ಕೊಡುವ ತನಕ ಆ ಖರ್ಚನ್ನು ತೋರಿಸಿ ತೆರಿಗೆ ಉಳಿಸಲಾಗುವುದಿಲ್ಲ. ಆದರೆ ಮಾಲು ಅವರ ಕೈಗೆ ಸೇರಿದ ತಾರೀಖು ನಿಮ್ಮ ಹತ್ತಿರ ಇರಬೇಕಲ್ವಾ? ಸಹಿ ಮಾಡಿದ ಚಲನ್ ಡ್ರೈವರ್ ಜೇಬಿನಲ್ಲೇ ಉಳಿದರೆ ಏನು ತೋರಿಸುತ್ತೀರಿ? ಗೇಟಿನಲ್ಲೇ ಫೋನಿನಲ್ಲಿ ಫೋಟೋ ತೆಗೆದು ಕಳಿಸಲಿ. ಇಲ್ಲಿ ಒಂದು ಎಕ್ಸೆಲ್ ಹಾಳೆಯಲ್ಲಿ ಚಲನ್ ನಂಬರು, ತಾರೀಖು, ಬಂದ ಸಂಖ್ಯೆ, ಹೋದ ಸಂಖ್ಯೆ, ರಿಜೆಕ್ಷನ್ ಹಾಕಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಆಮೇಲೆ ಡ್ರಾಯಿಂಗ್. ಕಂಪನಿಯವರು ವಾಟ್ಸಾಪ್‌ನಲ್ಲಿ ಹೊಸ ರಿವಿಜನ್ ಕಳಿಸಿರುತ್ತಾರೆ, ಮಶಿನ್ ಪಕ್ಕ ಹಳೆಯದೇ ಅಂಟಿಸಿರುತ್ತದೆ, 500 ಪೀಸು ಆದ ಮೇಲೆ ಗೊತ್ತಾಗುತ್ತದೆ. ಎಲ್ಲ ಡ್ರಾಯಿಂಗ್ ಒಂದೇ ಫೋಲ್ಡರ್‌ನಲ್ಲಿರಲಿ. ರಿವಿಜನ್ ನಂಬರು ಹೆಸರಿನಲ್ಲೇ ಇರಲಿ. ಹೊಸದು ಬಂದ ದಿನವೇ ಹಳೆಯ ಕಾಗದ ಕಿತ್ತು ಹರಿಯುವ ಹೊಣೆ ಒಬ್ಬರಿಗೇ ಇರಲಿ.

ಇಷ್ಟು ಆರು ತಿಂಗಳು ತಪ್ಪದೆ ನಡೆದರೆ ಇಆರ್‌ಪಿ ಬಗ್ಗೆ ಯೋಚಿಸಿ. ಆಗ ನಿಮಗೇನು ಬೇಕು ಅಂತ ನಿಮಗೇ ಗೊತ್ತಿರುತ್ತದೆ. ಮಾರುವವರನ್ನು ಮೂರು ಮಾತು ಕೇಳಿ. ನಿಮ್ಮಷ್ಟೇ ದೊಡ್ಡ ವರ್ಕ್‌ಶಾಪ್‌ನಲ್ಲಿ ಇದು ಓಡುವುದನ್ನು ತೋರಿಸುತ್ತಾರಾ? ಮೊದಲ ವರ್ಷ ಮುಗಿದ ಮೇಲೆ ವರ್ಷವರ್ಷ ಎಷ್ಟು ಕಟ್ಟಬೇಕು? ನಾಳೆ ಬಿಡುತ್ತೇನೆ ಅಂದರೆ ನನ್ನ ಮಾಹಿತಿಯನ್ನೆಲ್ಲ ಎಕ್ಸೆಲ್‌ನಲ್ಲಿ ತೆಗೆದುಕೊಡುತ್ತಾರಾ? ಮೂರನೆಯದಕ್ಕೆ ತಡವರಿಸಿದರೆ ಎದ್ದು ಬನ್ನಿ. ವರ್ಷದ ವಹಿವಾಟು 5 ಕೋಟಿ ದಾಟಿದ್ದರೆ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವ ಬಿಲ್ಲು) 2023ರ ಆಗಸ್ಟ್‌ನಿಂದಲೇ ಕಡ್ಡಾಯ, ಅದನ್ನು ನಿಮ್ಮ ಸಿಎ ಹತ್ತಿರ ಈ ವಾರವೇ ಕೇಳಿ.

ಕೊನೆಗೆ ಸೂಪರ್‌ವೈಸರ್ ವಿಷಯ. ಕಂಪ್ಯೂಟರ್ ಬಂದರೆ ತನ್ನ ಕೆಲಸ ಹೋಯಿತು ಅಂತ ಅವರಿಗೆ ಭಯ ಇದ್ದೇ ಇರುತ್ತದೆ. ನೀವೇ ಕೂತು ಮಾತಾಡಿ, ಮಗನ ಕೈಯಲ್ಲಿ ಹೇಳಿಸಬೇಡಿ. ಸ್ಕ್ರೀನ್ ಮರಾಠಿಯಲ್ಲೋ ಹಿಂದಿಯಲ್ಲೋ ಅವರಿಗೆ ಓದಲು ಬರುವಂತೆ ಇರಲಿ. ಹೊಸ ಪದ್ಧತಿಯ ಹೊಣೆ ಅವರಿಗೇ ಕೊಡಿ.

ಪ್ರಶ್ನೆ: ಡೊಂಬಿವಿಲಿಯ ಮನೆಯಲ್ಲೇ ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ ಮಾಡಿ ಮಾರುತ್ತೇನೆ. ವಾಟ್ಸಾಪ್‌ನಲ್ಲಿ ಬರುವ ಆರ್ಡರ್ ಕಲಸುಮೇಲೋಗರ ಆಗುತ್ತಿದೆ. ವೆಬ್‌ಸೈಟ್ ಮಾಡಿಸಲಾ?
— ಒಬ್ಬ ಗೃಹಿಣಿ

ಉತ್ತರ: ಬೇಡ ಅಕ್ಕಾ, ಸದ್ಯಕ್ಕೆ ಬೇಡ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಉಚಿತ. ಅದರಲ್ಲಿ ನಿಮ್ಮ ಪದಾರ್ಥಗಳ ಫೋಟೋ, ಬೆಲೆ ಹಾಕಬಹುದು, ಪ್ರತಿ ಆರ್ಡರ್‌ಗೆ ‘ಹಣ ಬಂದಿದೆ’, ‘ಕಳಿಸಬೇಕು’ ಅಂತ ಗುರುತು ಅಂಟಿಸಬಹುದು. ನಿಮ್ಮ ಗೊಂದಲದಲ್ಲಿ ಮುಕ್ಕಾಲು ಪಾಲು ಅಷ್ಟಕ್ಕೇ ತೀರುತ್ತದೆ. ಆರ್ಡರ್‌ಗೆ ಬೇರೆ ನಂಬರು ಇಟ್ಟುಕೊಳ್ಳಿ, ಹಣಕ್ಕೆ ಬೇರೆ ಬ್ಯಾಂಕ್ ಖಾತೆ. ಮನೆಖರ್ಚು ಅದರಲ್ಲಿ ಸೇರಿದರೆ ಲಾಭ ಎಷ್ಟು ಅಂತ ನಿಮಗೆ ಯಾವತ್ತೂ ಗೊತ್ತಾಗುವುದಿಲ್ಲ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ, ಆ 14 ಅಂಕಿಯ ನಂಬರು ಪ್ಯಾಕೆಟ್ ಮೇಲೆ ಬರಲೇಬೇಕು. ಒಂದು ವಿಷಯ ಮಾತ್ರ ಮನೆಯಲ್ಲಿ ಎಲ್ಲರಿಗೂ ಹೇಳಿಡಿ: ಯುಪಿಐನಲ್ಲಿ ಹಣ ಬರಲಿಕ್ಕೆ ಪಿನ್ ಒತ್ತುವ ಅಗತ್ಯವೇ ಇಲ್ಲ. ದೊಡ್ಡ ಆರ್ಡರ್ ಕೊಡುತ್ತೇನೆ, ಅಡ್ವಾನ್ಸ್ ಕಳಿಸಿದ್ದೇನೆ, ಪಿನ್ ಹಾಕಿ ಅಂತ ಯಾರಾದರೂ ಅಂದರೆ ಫೋನ್ ಇಟ್ಟುಬಿಡಿ, ದುಡ್ಡು ಹೋಗಿಯೇಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.