ಬುಧವಾರ ಬೆಳಗ್ಗೆ ಲ್ಯಾಬ್ ಯಾಕೆ ನಿಲ್ಲುತ್ತದೆ?

ಶಾಲೆಗಳ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಮೈಸೂರು, ಮಂಡ್ಯ ಭಾಗದ ಶಿಕ್ಷಕರ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಲ್ಯಾಬ್‌ನಲ್ಲಿ 20 ಕಂಪ್ಯೂಟರ್ ಇವೆ, 40 ಎಂಬಿಪಿಎಸ್ ಫೈಬರ್ ಲೈನ್ ಇದೆ. ತಿಂಗಳಿಗೊಂದು ಬುಧವಾರ ಯಾವ ಪುಟವೂ ತೆರೆಯುವುದಿಲ್ಲ. ಕೆಲವು ಯಂತ್ರಗಳು ‘ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ’ ಎಂದು ಇಡೀ ಪಿರಿಯಡ್ ತಿಂದುಹಾಕುತ್ತವೆ. ಅಪ್‌ಡೇಟನ್ನೇ ನಿಲ್ಲಿಸಿಬಿಡಬಹುದೆ?
– ಕಂಪ್ಯೂಟರ್ ಶಿಕ್ಷಕಿ, ಮಂಡ್ಯ

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಹತ್ತಾರು ಪೆನ್‌ಡ್ರೈವ್ ಓಡಾಡುವ ಲ್ಯಾಬ್ ಸುರಕ್ಷತಾ ಅಪ್‌ಡೇಟ್ ಇಲ್ಲದೆ ಹೆಚ್ಚು ದಿನ ಉಳಿಯದು. ಮೈಕ್ರೋಸಾಫ್ಟ್ ತನ್ನ ಮಾಸಿಕ ಅಪ್‌ಡೇಟ್ ಬಿಡುವುದು ಪ್ರತಿ ತಿಂಗಳ ಎರಡನೇ ಮಂಗಳವಾರ. ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗ್ಗೆ 10 ಗಂಟೆ ಎಂದರೆ ನಮಗೆ ರಾತ್ರಿ 10.30, ಅವರ ಚಳಿಗಾಲದಲ್ಲಿ 11.30. ಆ ಹೊತ್ತಿಗೆ ಲ್ಯಾಬ್‌ಗೆ ಬೀಗ ಬಿದ್ದಿರುತ್ತದೆ. ಮರುದಿನ ಪ್ರಾರ್ಥನೆ ಮುಗಿದು ಮಕ್ಕಳು ಸ್ವಿಚ್ ಒತ್ತಿದೊಡನೆ ಇಪ್ಪತ್ತೂ ಯಂತ್ರಗಳು ಅದೇ ಫೈಲನ್ನು ಬೇರೆ ಬೇರೆಯಾಗಿ ಇಳಿಸಲು ಶುರು ಮಾಡುತ್ತವೆ. ಒಂದಕ್ಕೆ 1 ಜಿಬಿ ಎಂದು ಹಿಡಿಯಿರಿ, ಒಟ್ಟು 20 ಜಿಬಿ. ಎಂಬಿಪಿಎಸ್ ಎಣಿಸುವುದು ಬಿಟ್‌ಗಳನ್ನು, ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ 40 ಎಂಬಿಪಿಎಸ್ ಲೈನ್ ಸೆಕೆಂಡಿಗೆ ತರುವುದು ಹೆಚ್ಚೆಂದರೆ 5 ಎಂಬಿ. ಲೈನ್ ಪೂರ್ತಿ ಇದಕ್ಕೇ ಮೀಸಲಾದರೂ ಒಂದು ಗಂಟೆ ದಾಟುತ್ತದೆ.

ಮೊದಲು ಪ್ರತಿ ಯಂತ್ರದ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್, ಅಲ್ಲಿಂದ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಡೆಲಿವರಿ ಆಪ್ಟಿಮೈಸೇಷನ್ ತೆರೆಯಿರಿ. ಬೇರೆ ಕಂಪ್ಯೂಟರ್‌ಗಳಿಂದ ಇಳಿಸಿಕೊಳ್ಳುವ ಆಯ್ಕೆ ಆನ್ ಮಾಡಿ, ‘ಲೋಕಲ್ ನೆಟ್‌ವರ್ಕ್‌ನ ಯಂತ್ರಗಳು ಮಾತ್ರ’ ಎಂಬುದನ್ನು ಆರಿಸಿ. ಆಗ ಹೊರಗಿನಿಂದ ಒಂದು ಯಂತ್ರ ತಂದದ್ದನ್ನು ಪಕ್ಕದವು ಲ್ಯಾಬ್‌ನ ಕೇಬಲ್ ಮೂಲಕವೇ ಹಂಚಿಕೊಳ್ಳುತ್ತವೆ. ಹೀಗೆ ಹಂಚಲು ಯಂತ್ರದಲ್ಲಿ ಕನಿಷ್ಠ 4 ಜಿಬಿ ರ‍್ಯಾಮ್ ಇರಬೇಕು.

ಆಮೇಲೆ ದಿನ ಬದಲಿಸಿ. ಎರಡನೇ ಮಂಗಳವಾರಕ್ಕೆ ಮುಂಚೆಯೇ 19 ಯಂತ್ರಗಳಲ್ಲಿ ‘ಪಾಝ್ ಅಪ್‌ಡೇಟ್ಸ್’ ಒತ್ತಿ ಎರಡು ವಾರ ತಡೆಹಿಡಿಯಿರಿ. ಒಂದನ್ನು ಮಾತ್ರ ಬಿಡಿ, ಅದು ಪರೀಕ್ಷೆಯ ಯಂತ್ರ. ಬುಧವಾರದಿಂದ ಅದರಲ್ಲಿ ಪ್ರಿಂಟರ್, ಕನ್ನಡ ಟೈಪಿಂಗ್‌ನ ನುಡಿ ತಂತ್ರಾಂಶ, ವಿದ್ಯಾರ್ಥಿಗಳ ಮಾಹಿತಿ ತುಂಬುವ ಎಸ್‌ಎಟಿಎಸ್ ಪುಟ ಮೂರೂ ನಡೆಯುತ್ತವೆಯೇ ನೋಡಿ. ಸರಿಯಿದ್ದರೆ ಅರ್ಧ ದಿನದ ಶನಿವಾರ ಮಕ್ಕಳು ಹೊರಟ ಮೇಲೆ ಐದು ಯಂತ್ರಗಳಲ್ಲಿ ತಡೆ ತೆಗೆಯಿರಿ, ಮುಕ್ಕಾಲು ಗಂಟೆ ಬಿಟ್ಟು ಉಳಿದವುಗಳಲ್ಲಿ ತೆಗೆಯಿರಿ. ರೀಸ್ಟಾರ್ಟ್ ಕೂಡ ಅಂದೇ ಮುಗಿಸಿ. ಇಳಿದದ್ದು ರೀಸ್ಟಾರ್ಟ್‌ಗೆ ಕಾದು ಕೂತರೆ ಸೋಮವಾರದ ಪಿರಿಯಡ್ ಹೋಗುತ್ತದೆ. ಅಂದು ಚೆಸ್ಕಾಂ ಕರೆಂಟ್ ತೆಗೆಯುವ ಪ್ರಕಟಣೆ ಇದೆಯೇ ಎಂದು ಪತ್ರಿಕೆ ನೋಡಿಕೊಳ್ಳಿ. 600 ವಿಎ ಯುಪಿಎಸ್ ಇರುವುದು ಫೈಲ್ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತಿಗೆ, ಅದನ್ನು ನಂಬಿ ಅಪ್‌ಡೇಟ್ ನಡೆಸಬಾರದು.

ಇನ್ನೊಂದು ಮಾತು. ರೀಸ್ಟಾರ್ಟ್ ಆದಾಗಲೆಲ್ಲ ಯಂತ್ರವನ್ನು ಮೊದಲಿನ ಸ್ಥಿತಿಗೆ ತರುವ ತಂತ್ರಾಂಶ ನಿಮ್ಮ ಲ್ಯಾಬ್‌ನಲ್ಲಿದ್ದರೆ, ಇಳಿದ ಅಪ್‌ಡೇಟನ್ನೂ ಅದು ಅಳಿಸುತ್ತದೆ, ಯಂತ್ರ ಅದನ್ನೇ ಮತ್ತೆ ಮತ್ತೆ ಇಳಿಸುತ್ತದೆ. ಶನಿವಾರದ ಕೆಲಸಕ್ಕೆ ಮುಂಚೆ ಆ ರಕ್ಷಣೆ ತೆಗೆದು, ಮುಗಿದ ಮೇಲೆ ಮತ್ತೆ ಹಾಕಿ.

ಪ್ರಶ್ನೆ: ಒಂದೇ ಒಂದು ಕಂಪ್ಯೂಟರ್‌ನಲ್ಲಿ ಯಾವ ವೆಬ್‌ಸೈಟ್ ತೆರೆದರೂ ‘ಸುರಕ್ಷಿತವಲ್ಲ’ ಎಂದು ಬರುತ್ತದೆ. ಗಡಿಯಾರ 2015 ತೋರಿಸುತ್ತದೆ.
– ಮುಖ್ಯ ಶಿಕ್ಷಕರು, ಮದ್ದೂರು

ಉತ್ತರ: ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ ಸತ್ತಿದೆ. ಸಿಆರ್2032, 3 ವೋಲ್ಟ್, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತು, ಸೆಲ್ ಬದಲಿಸಿ, ತಾರೀಖು ಸರಿಪಡಿಸಿ. ವೆಬ್‌ಸೈಟ್‌ನ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ, 2015 ಅದರಾಚೆ ಬೀಳುತ್ತದೆ.

ಪ್ರಶ್ನೆ: ಹೋದ ವಾರದಿಂದ ಲ್ಯಾಬ್‌ನ ಅರ್ಧ ಕಂಪ್ಯೂಟರ್‌ಗಳಿಗೆ ನೆಟ್ ಬರುತ್ತದೆ, ಅರ್ಧಕ್ಕೆ ಇಲ್ಲ. ನಾಳೆ ಬೇರೆ ಅರ್ಧಕ್ಕೆ ಇರುವುದಿಲ್ಲ. ನೆಟ್ ಕಂಪನಿಯವರು ‘ಲೈನ್ ಸರಿ ಇದೆ’ ಎನ್ನುತ್ತಾರೆ.
– ಸಹ ಶಿಕ್ಷಕರು, ನಂಜನಗೂಡು

ಉತ್ತರ: ಅವರು ಹೇಳುವುದು ನಿಜವಿರಬಹುದು. ನೆಟ್ ಇಲ್ಲದ ಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ (ipconfig) ಎಂದು ಒಂದೇ ಪದವಾಗಿ ಟೈಪ್ ಮಾಡಿ, ಡಿಫಾಲ್ಟ್ ಗೇಟ್‌ವೇ ಎಂಬ ಸಾಲಿನ ಅಂಕಿ ಬರೆದುಕೊಳ್ಳಿ. ನೆಟ್ ಇರುವ ಯಂತ್ರದಲ್ಲೂ ಹಾಗೇ ಮಾಡಿ. ಒಂದರಲ್ಲಿ 192.168.1.1, ಇನ್ನೊಂದರಲ್ಲಿ 192.168.0.1 ಇದ್ದರೆ ಶಾಲೆಯಲ್ಲಿ ಎರಡು ರೂಟರ್‌ಗಳು ವಿಳಾಸ ಹಂಚುತ್ತಿವೆ. ಸ್ಟಾಫ್ ರೂಮಿಗೆ ವೈಫೈ ಬೇಕೆಂದು ಯಾರೋ ಹಳೆಯ ರೂಟರ್ ತಂದು, ಅದರ ಲ್ಯಾನ್ ಪೋರ್ಟ್‌ಗೆ ಲ್ಯಾಬ್‌ನ ಕೇಬಲ್ ಸಿಕ್ಕಿಸಿದಾಗ ಹೀಗಾಗುತ್ತದೆ. ಆನ್ ಆದ ಯಂತ್ರ ‘ನನಗೊಂದು ವಿಳಾಸ ಕೊಡಿ’ ಎಂದು ಕೂಗುತ್ತದೆ, ಯಾವ ರೂಟರ್ ಮೊದಲು ಓಗೊಡುತ್ತದೋ ಅದರ ವಿಳಾಸ ಹಿಡಿಯುತ್ತದೆ. ದಿನಕ್ಕೊಂದು ಅರ್ಧ ಕೆಡುವುದು ಅದಕ್ಕೇ.

ಆ ರೂಟರ್ ಎಸೆಯಬೇಕಿಲ್ಲ. ಅದನ್ನು ಜಾಲದಿಂದ ಬಿಡಿಸಿ, ಒಂದು ಲ್ಯಾಪ್‌ಟಾಪ್‌ಗೆ ಮಾತ್ರ ಜೋಡಿಸಿ, ಅದರ ಸೆಟ್ಟಿಂಗ್ ಪುಟದಲ್ಲಿ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ವ್ಯವಸ್ಥೆ, ಆಫ್ ಮಾಡಿ. ಮುಖ್ಯ ರೂಟರ್‌ನದು 192.168.1.1 ಆಗಿದ್ದರೆ ಇದರ ಸ್ವಂತ ವಿಳಾಸವನ್ನು 192.168.1.2ಕ್ಕೆ ಬದಲಿಸಿ, ಮುಖ್ಯ ರೂಟರ್ ಆ ವಿಳಾಸವನ್ನು ಬೇರೆಯವರಿಗೆ ಹಂಚದಂತೆ ನೋಡಿಕೊಳ್ಳಿ. ನಂತರ ಲ್ಯಾನ್ ಪೋರ್ಟ್‌ಗೇ ಕೇಬಲ್ ಹಾಕಿ. ಹೊರಗಿನ ಲೈನ್‌ಗೆಂದು ಇರುವ ವ್ಯಾನ್ ಪೋರ್ಟ್ ಖಾಲಿ ಇರಲಿ. ಲ್ಯಾಬ್‌ನ ಯಂತ್ರಗಳನ್ನೆಲ್ಲ ಒಮ್ಮೆ ರೀಸ್ಟಾರ್ಟ್ ಮಾಡಿ.

ಐಪಿ ವಿಳಾಸ 169.254 ಎಂದು ಶುರುವಾಗಿದ್ದರೆ ಕಥೆ ಬೇರೆ. ಯಾರೂ ಓಗೊಡದೆ ಯಂತ್ರ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ. ಕೇಬಲ್ ಮತ್ತು ಸ್ವಿಚ್ ನೋಡಿ. ಸ್ವಿಚ್‌ನ ಎಲ್ಲ ದೀಪಗಳೂ ಒಟ್ಟಿಗೆ ಎಡೆಬಿಡದೆ ಮಿಣುಕುತ್ತಿದ್ದು ಇಡೀ ಲ್ಯಾಬ್ ಸತ್ತಿದ್ದರೆ, ಒಂದೇ ಕೇಬಲ್‌ನ ಎರಡು ತುದಿಗಳೂ ಅದೇ ಸ್ವಿಚ್‌ಗೆ ಹೋಗಿರಬಹುದು. ಗುಡಿಸುವಾಗ ನೇತಾಡುವ ತುದಿ ಕಂಡವರು ಒಳ್ಳೆಯ ಮನಸ್ಸಿನಿಂದಲೇ ಸಿಕ್ಕಿಸಿರುತ್ತಾರೆ. ಒಂದೊಂದೇ ಕಿತ್ತು ನೋಡಿ, ಸುತ್ತು ಬಿಡಿಸಿದ ಕ್ಷಣ ದೀಪಗಳು ಶಾಂತವಾಗುತ್ತವೆ. ಪ್ರತಿ ಕೇಬಲ್‌ನ ಎರಡೂ ತುದಿಗೆ ಒಂದೇ ನಂಬರಿನ ಚೀಟಿ ಅಂಟಿಸಿದರೆ ಇದು ಮರುಕಳಿಸುವುದಿಲ್ಲ.

ಪ್ರಶ್ನೆ: ನಮ್ಮವು ನಾಲ್ಕನೇ ತಲೆಮಾರಿನ ಇಂಟೆಲ್ ಯಂತ್ರಗಳು, 4 ಜಿಬಿ ರ‍್ಯಾಮ್. ವಿಂಡೋಸ್ 11 ಹಾಕಿಸಲೆ?
– ಶ್ರೀರಂಗಪಟ್ಟಣ

ಉತ್ತರ: ಅದು ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು, ಜೊತೆಗೆ ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಕೇಳುತ್ತದೆ. ಅಡ್ಡದಾರಿಯಲ್ಲಿ ಹಾಕಿಸಿದರೆ ಮುಂದಿನ ಅಪ್‌ಡೇಟ್‌ಗಳಿಗೆ ಖಾತರಿಯಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾರ್ಡ್ ಡಿಸ್ಕ್ ಜಾಗದಲ್ಲಿ 240 ಜಿಬಿ ಸಾಟಾ ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. ಲಿಬ್ರೆ ಆಫೀಸ್, ಬ್ರೌಸರ್, ಮಕ್ಕಳ ಸ್ಕ್ರ್ಯಾಚ್ ಎಲ್ಲ ನಡೆಯುತ್ತವೆ. ಕಚೇರಿಯ ಒಂದು ಯಂತ್ರ ಮಾತ್ರ ಹೊಸದಿರಲಿ, ವಿಂಡೋಸ್ ಇರಲಿ.

ಪ್ರಶ್ನೆ: ಹೊಸ ವಿಂಡೋಸ್ ಹಾಕಿಸಿದ ಮೇಲೆ ಹಳೆಯ ನುಡಿ ಪ್ರಶ್ನೆಪತ್ರಿಕೆಗಳೆಲ್ಲ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿವೆ. ವರ್ಷಗಳ ಕೆಲಸ ಹೋಯಿತೆ?
– ಪಾಂಡವಪುರ

ಉತ್ತರ: ಹೋಗಿಲ್ಲ. ಹಳೆಯ ನುಡಿ ಫೈಲ್‌ನೊಳಗೆ ಇರುವುದೇ ಇಂಗ್ಲಿಷ್ ಸಂಕೇತಗಳು, ಅವಕ್ಕೆ ಕನ್ನಡದ ರೂಪ ಕೊಡುತ್ತಿದ್ದುದು ನುಡಿ ಫಾಂಟ್. ಅದು ಹೊಸ ಯಂತ್ರಕ್ಕೆ ಬಂದಿಲ್ಲ. ಅಪ್‌ಗ್ರೇಡ್ ಆಗದ ಯಾವುದಾದರೂ ಯಂತ್ರದ ವಿಂಡೋಸ್ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಎಂದು ಶುರುವಾಗುವ ಫಾಂಟ್‌ಗಳನ್ನು ತಂದು ಹಾಕಿ, ಅಕ್ಷರಗಳು ಮರಳುತ್ತವೆ.

ಆಮೇಲೆ ನಿಧಾನವಾಗಿ, ನುಡಿ ಫಾಂಟ್ ಇಲ್ಲದೆಯೂ ಓದಲಾಗುವ ಯೂನಿಕೋಡ್‌ಗೆ ಬದಲಿಸಿ, ಮೂಲ ಫೈಲ್ ಬೇರೆ ಫೋಲ್ಡರ್‌ನಲ್ಲಿರಲಿ. ಹೀಗೆ ಬದಲಿಸುವ ಪರಿವರ್ತಕ ತಂತ್ರಾಂಶ ಎಡವುವುದು ಎರಡು ಕಡೆ. ಹಳೆಯ ವಿಧಾನದಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ಅದೇ ‘ರ್’ ಮುಂಚೆ ಬರಬೇಕು. ಹಾಗಾಗಿ ‘ವರ್ಷ’, ‘ಪೂರ್ಣಾಂಕ’ದಂಥ ಪದಗಳನ್ನು ಕಣ್ಣಿಟ್ಟು ಓದಿ. ಎರಡನೆಯದು ಗಣಿತದ ಪತ್ರಿಕೆ. ಎಕ್ಸ್, ವೈ, ಸೆಂ.ಮೀ. ಎಂದು ಇಂಗ್ಲಿಷ್ ಫಾಂಟ್‌ನಲ್ಲಿ ಹಾಕಿದ್ದನ್ನೂ ಪರಿವರ್ತಕ ಕನ್ನಡ ಸಂಕೇತವೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡುತ್ತದೆ. ಗಣಿತ ಮತ್ತು ವಿಜ್ಞಾನದ ಪತ್ರಿಕೆಗಳಲ್ಲಿ ಕನ್ನಡದ ಭಾಗವನ್ನಷ್ಟೇ ಆರಿಸಿ ಬದಲಿಸಿ, ಸಮೀಕರಣಗಳನ್ನು ಮುಟ್ಟಬೇಡಿ.